ಕನ್ನಡವನ್ನೇ ಕಳ್ಳ ಅಂತ ಹಿಡಿದ ಆಂಟಿವೈರಸ್

ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟವಳು ಅಮ್ಮ, ಪ್ಲಗ್ ಚುಚ್ಚಿ ಸ್ವಿಚ್ ಒತ್ತಿದವನು ಮಾಮ, ಇದರ ಆಟ ಎಷ್ಟು ದಿನ ನೋಡೋಣ ಅಂದವರು ಅಪ್ಪ. ನಾನು ಏನೂ ಮಾಡಲಿಲ್ಲ. ಖುಷಿಗೆ ನನ್ನ ಕೈಕಾಲೇ ಆಡುತ್ತಿರಲಿಲ್ಲ. ಎರಡು ಸಾವಿರದ ಒಂಬತ್ತರ ಸುಮಾರಿನ ಮಾತು. ಯಲಹಂಕದ ಹಳೇ ಊರಿನ ನಮ್ಮ ಬೀದಿಯಲ್ಲಿ ಆಗ ಕಂಪ್ಯೂಟರ್ ಇದ್ದ ಮನೆಗಳು ಕಡಿಮೆ. ಇದ್ದ ಮನೆಗಳಲ್ಲೂ ಅದು ಹೊಲಿಗೆ ಮಿಷನ್ನಿನ ಹಾಗೆ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿರುತ್ತಿತ್ತು. ನಮ್ಮದು ಸೆಕೆಂಡ್ ಹ್ಯಾಂಡ್. ದಪ್ಪ ಹೊಟ್ಟೆಯ ಮಾನಿಟರ್, ಪಕ್ಕದಲ್ಲಿ ಸದಾ ಗುರ್ ಅನ್ನುವ ಡಬ್ಬ. ಆ ಸದ್ದು ಕೇಳಿದರೆ ಸಾಕು, ನನಗೆ ಎಲ್ಲಿಲ್ಲದ ಹುಮ್ಮಸ್ಸು ಬರುತ್ತಿತ್ತು.

ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಕೀಬೋರ್ಡಿನ ಮೇಲೆ ಇರುವುದೆಲ್ಲ ಇಂಗ್ಲಿಷ್ ಅಕ್ಷರ. ಆದರೆ ಕನ್ನಡದ ಒಂದು ಪ್ರೋಗ್ರಾಂ ಚಾಲೂ ಮಾಡಿ ಅದೇ ಕೀಗಳನ್ನು ಒತ್ತಿದರೆ ಪರದೆಯ ಮೇಲೆ ದುಂಡು ದುಂಡಗೆ ಕನ್ನಡ ಮೂಡುತ್ತದೆ. ಮೊದಲ ಸಲ ನನ್ನ ಹೆಸರು ಹಾಗೆ ಮೂಡಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಮೇಷ್ಟ್ರು, 'ಕೂತ್ಕೊಳಮ್ಮ, ಇನ್ನೂ ಇನಿಷಿಯಲ್ ಬಾಕಿ ಇದೆ' ಅಂದಿದ್ದರು. ಅವತ್ತಿನಿಂದ ನನಗೆ ಇದೇ ಕೆಲಸ ಬೇಕು, ಬೇರೆ ಏನೂ ಬೇಡ ಅನ್ನುವ ಹಟ ಹತ್ತಿತು.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಯಾರೇ ಹತ್ತಿದರೂ ಎಲ್ಲಿ ಇಳಿಯುತ್ತಾರೆ ಅಂತ ಮೊದಲು ಕೇಳಿ ರೂಢಿಯಾದ ಮನುಷ್ಯ. ಮನೆಗೆ ಬಂದ ವಸ್ತುವಿಗೂ ಅದೇ ಪ್ರಶ್ನೆ. 'ಟೈಪಿಂಗ್ ಗೀಪಿಂಗ್ ಎಲ್ಲಾ ಸರಿ ಕಣೇ. ದೀಪಾವಳಿ ತನಕ ನೋಡ್ತೀನಿ. ಅಷ್ಟರೊಳಗೆ ಇದ್ರಿಂದ ಒಂದಾದ್ರೂ ಕೆಲಸ ಬರ್ಬೇಕು. ಬರ್ಲಿಲ್ಲ ಅಂದ್ರೆ ಇದನ್ನ ಮಾರ್ತೀನಿ, ನಿನ್ನ ಗಾರ್ಮೆಂಟ್ಸ್‌ಗೆ ಸೇರಿಸ್ತೀನಿ. ಅಲ್ಲಿನ ಸೂಪರ್‌ವೈಸರ್ ದಿನಾ ನನ್ನ ಬಸ್ಸಲ್ಲೇ ಬರ್ತಾರೆ, ಮಾತಾಡಿದೀನಿ' ಅಂದರು. ಗಾರ್ಮೆಂಟ್ಸ್ ಕೆಲಸ ಕೀಳು ಅಂತ ನಾನು ಯಾವತ್ತೂ ಅಂದುಕೊಂಡವಳಲ್ಲ. ನಮ್ಮ ಬೀದಿಯ ಅರ್ಧ ಹೆಂಗಸರು ಬೆಳಿಗ್ಗೆ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಆದರೆ ನನ್ನ ಬೆರಳುಗಳಿಗೆ ಆಗಲೇ ಬೇರೆ ಹುಚ್ಚು ಹಿಡಿದಾಗಿತ್ತು. 

ಕೆಲಸ ಬರುವ ಮೊದಲು ವೈರಸ್ ಬಂತು. ಆಗಿನ ಕಂಪ್ಯೂಟರುಗಳಿಗೆ ಪೆನ್‌ಡ್ರೈವ್ ಅಂದರೆ ಊರೂರು ತಿರುಗಿ ಬಂದ ನೆಂಟನ ಹಾಗೆ, ಜೊತೆಯಲ್ಲಿ ಕೆಮ್ಮು ನೆಗಡಿ ಇಲ್ಲದೆ ಬರುತ್ತಿರಲಿಲ್ಲ. ಕ್ಲಾಸಿನಿಂದ ತಂದ ಪೆನ್‌ಡ್ರೈವ್ ಹಾಕಿದ ಮರುದಿನ ನೋಡಿದರೆ ಪ್ರತಿಯೊಂದು ಫೋಲ್ಡರಿನ ಒಳಗೂ ಅದೇ ಹೆಸರಿನ ಇನ್ನೊಂದು ಫೋಲ್ಡರ್. ನಾನು ಪೆದ್ದಿ, ಇದೇನು ಒಂದರೊಳಗೊಂದು ಅಂತ ಎಲ್ಲವನ್ನೂ ಒತ್ತಿ ಒತ್ತಿ ನೋಡಿದೆ. ಒತ್ತಿದಷ್ಟೂ ಅವು ಹುಟ್ಟಿದವು. ಸಂಜೆಯೊಳಗೆ ಮಿಷನ್ನು ಅಲುಗಾಡದೆ ನಿಂತಿತು. ಸಹಕಾರನಗರದ ಕಂಪ್ಯೂಟರ್ ಅಂಗಡಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ನಾಲ್ಕು ದಿನದಲ್ಲಿ ಮತ್ತೆ ಅದೇ ಕತೆ. ಎರಡನೇ ಸಲ ಡಬ್ಬ ಹೊತ್ತುಕೊಂಡು ಹೋದಾಗ ಅವನು, 'ಮೇಡಂ, ಒಂದು ಆಂಟಿವೈರಸ್ ಹಾಕ್ಕೊಳ್ಳಿ, ಇಲ್ಲಾಂದ್ರೆ ವಾರ ವಾರ ಇಲ್ಲಿಗೇ ಬರ್ತಿರ್ತೀರ' ಅಂದ. ನನ್ನನ್ನು ಮೇಡಂ ಅಂದವರಲ್ಲಿ ಅವನೇ ಮೊದಲಿಗ. ಆ ಸಂತೋಷದಲ್ಲಿ ಯಾವ ಆಂಟಿವೈರಸ್ ಅಂತ ಕೇಳುವುದನ್ನೇ ಮರೆತು ಬಂದೆ.

ಆಮೇಲೆ ಕೇಳಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಒಳ್ಳೆ ಡಾಕ್ಟರ್ ಯಾರು ಅಂತ ಕೇಳಿದರೆ ಜನ ಹೇಗೆ ಉತ್ತರ ಕೊಡುತ್ತಾರೋ ಹಾಗೇ ಕೊಟ್ಟರು. ಕ್ಲಾಸಿನ ಮೇಷ್ಟ್ರು ನೀಲಿ ಗುರಾಣಿ ಗುರುತಿನದ್ದೇ ಬೆಸ್ಟ್ ಅಂದರು. ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಎಂಜಿನಿಯರು ಹಸಿರು ಟಿಕ್ ಇರುವುದು ಹಗುರ, ಹಳೇ ಮಿಷನ್ನಿಗೆ ಅದೇ ಸರಿ ಅಂದರು. ಅಂಗಡಿಯವನು ಹುಲಿ ಮುಖದ್ದು ತಗೊಳ್ಳಿ ಅಂದ. ಅವನ ಕಪಾಟಿನ ತುಂಬ ಇದ್ದದ್ದು ಹುಲಿ ಮುಖವೇ. ಮೂರೂ ಒಂದು ತಿಂಗಳ ಟ್ರಯಲ್ ಅಂತ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುವ ಸಿಡಿಗಳಲ್ಲಿ ಸಿಗುತ್ತಿದ್ದವು. ಮೂರನ್ನೂ ಗುಡ್ಡೆ ಹಾಕಿಕೊಂಡು ಕೂತೆ. ಸೀರೆ ಅಂಗಡಿಯಲ್ಲಿ ಅಮ್ಮ ಕೂರುತ್ತಾಳಲ್ಲ, ಹಾಗೆ, ತೀರ್ಮಾನವೇ ಆಗುತ್ತಿರಲಿಲ್ಲ.

ಆಗ ಮಾಮ ನಡುವೆ ಬಂದ. ಮಾಮ ಅಂದರೆ ಅಮ್ಮನ ತಮ್ಮ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಮಾಲು ನೋಡಿ ಗುಣ ಹೇಳುವ ಕೆಲಸ ಅವನದು. ತೊಗರಿ, ಕಡಲೆ, ರಾಗಿ ಏನೇ ಬಂದರೂ ಚೂಪು ತುದಿಯ ಒಂದು ಕೊಳವೆಯನ್ನು ಚೀಲದ ನಟ್ಟನಡುವಿಗೆ ಚುಚ್ಚಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಊದಿ, ಕಚ್ಚಿ ನೋಡುತ್ತಿದ್ದ. ಅವನು ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಕಾಫಿ ಪುಡಿ ಎಲ್ಲಿ ತಂದಿರಿ ಅಂತ ಕೇಳಿದ್ದನಂತೆ. ಅಮ್ಮ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಮೂರು ಸಿಡಿಗಳನ್ನು ತಿರುವಿ ನೋಡಿದ ಮಾಮ, 'ಮೇಲಿನ ಕಾಳು ಯಾರ್ ಬೇಕಾದ್ರೂ ತೋರಿಸ್ತಾರೆ ಪುಟ್ಟಿ. ಡಬ್ಬಿ ಮೇಲೆ ಹುಲಿ ಹಾಕಿದ್ರೆ ಒಳಗೆ ಹುಲಿ ಇರ್ಬೇಕಲ್ಲ. ಸ್ಯಾಂಪಲ್ ನೋಡ್ಬೇಕು' ಅಂದ.

'ಆಂಟಿವೈರಸ್‌ಗೆ ಎಂಥ ಸ್ಯಾಂಪಲ್ ಮಾಮ?'

'ವೈರಸ್ಸೇ ಸ್ಯಾಂಪಲ್. ಇರೋದ್ರಲ್ಲಿ ಕೆಟ್ಟದ್ದು ತರೋಣ. ಮೂರಕ್ಕೂ ತಿನ್ಸೋಣ. ಯಾವ್ದು ಜಾಸ್ತಿ ಹಿಡಿಯುತ್ತೋ ಅದೇ ನಮ್ದು.'

ನನಗೆ ಮೈ ಜುಮ್ ಅಂದಿತು. ಇಡೀ ಬೆಂಗಳೂರು ವೈರಸ್‌ನಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಿರುವಾಗ ನಾವಿಬ್ಬರು ಅದನ್ನು ಹುಡುಕಿಕೊಂಡು ಮಾಮನ ಮೊಪೆಡ್ ಹತ್ತಿ ಹೊರಟೆವು. ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತಿತ್ತು. ಹೆಬ್ಬಾಳದ ಕಡೆ ಕಾಲೇಜೊಂದರ ಎದುರು ಜೆರಾಕ್ಸ್ ಅಂಗಡಿ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಮಕ್ಕಳು ಸಾಲುಗಟ್ಟಿ ನಿಲ್ಲುವ ಜಾಗ. ಅಲ್ಲಿ ಗೋಡೆಯ ಮೊಳೆಗೆ ದಾರದಲ್ಲಿ ನೇತುಹಾಕಿದ ಒಂದು ಪೆನ್‌ಡ್ರೈವ್ ಇತ್ತು. ಪೆನ್‌ಡ್ರೈವ್ ಇಲ್ಲದವರೆಲ್ಲ ಪಕ್ಕದ ಸೈಬರ್ ಸೆಂಟರಿಗೆ ಅದನ್ನೇ ತೆಗೆದುಕೊಂಡು ಹೋಗಿ ಫೈಲ್ ತುಂಬಿಸಿ ತರುತ್ತಿದ್ದರು. ಹೋಟೆಲಿನ ನೀರಿನ ಲೋಟದ ಹಾಗೆ, ಅದನ್ನು ಮುಟ್ಟದವರೇ ಇಲ್ಲ. ಮಾಮ ಅದನ್ನು ಅರ್ಧ ಗಂಟೆಗೆ ಕೇಳಿದ. ಯಾಕೆ ಅಂತ ಅಂಗಡಿಯವನು ಕೇಳಿದಾಗ ನಿಜವನ್ನೇ ಹೇಳಿದ.

'ಎಲ್ರೂ ವೈರಸ್ ತೆಗೀರಿ ಅಂತ ಬರ್ತಾರೆ ಸ್ವಾಮಿ. ವೈರಸ್ ಕೊಡಿ ಅಂತ ಬಂದೋರು ನೀವೇ ಮೊದಲು' ಅಂದು ಅವನು ದಾರ ಬಿಚ್ಚಿಕೊಟ್ಟ. ಮಾಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಬಟ್ಟೆಗೆ ಅಂಟುತ್ತದೆ ಅಂದುಕೊಂಡನೋ ಏನೋ, ನಾನು ಕೇಳಲಿಲ್ಲ. ಅರ್ಧ ಗಂಟೆ ಅಂದದ್ದು ಅರ್ಧ ದಿನವಾಯಿತು ಅನ್ನುವುದು ಬೇರೆ ಮಾತು.

ಕಂಪ್ಯೂಟರಿನಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಅಂಗಡಿಯವನು ಹೊಸದಾಗಿ ಹಾಕಿಕೊಟ್ಟಿದ್ದ, ನನ್ನ ಹಳೇ ಫೈಲುಗಳು ಬೇರೆ ಸಿಡಿಯಲ್ಲಿದ್ದವು. ಹಾಗಾಗಿ ಧೈರ್ಯವಾಗಿ ಪರೀಕ್ಷೆ ಶುರು ಮಾಡಿದೆವು. ಮಾಮನಿಗೆ ಅವಸರ. ಒಂದೊಂದೇ ಯಾಕೆ, ಎರಡನ್ನು ಜೊತೆಗೆ ಹಾಕು, ಜೋಡಿ ಎತ್ತಿನ ಹಾಗೆ ಎಳೆಯಲಿ ಅಂದ. ನೀಲಿ ಗುರಾಣಿಯನ್ನೂ ಹಸಿರು ಟಿಕ್ಕನ್ನೂ ಒಟ್ಟಿಗೆ ಹಾಕಿದೆ. ಪೆನ್‌ಡ್ರೈವ್ ಚುಚ್ಚುವ ಮೊದಲೇ ಗುರಾಣಿ ಕೂಗಿಕೊಂಡಿತು, ಕಳ್ಳ ಸಿಕ್ಕಿದ ಅಂತ. ಯಾರು ಅಂತ ನೋಡಿದರೆ ಹಸಿರು ಟಿಕ್! ಅಷ್ಟರಲ್ಲಿ ಟಿಕ್ ಕೂಡ ಗುರಾಣಿಯ ಮೇಲೆ ದೂರು ಕೊಟ್ಟಿತು. ಇಬ್ಬರು ಕಾವಲುಗಾರರು ಒಬ್ಬರ ಕತ್ತುಪಟ್ಟಿ ಒಬ್ಬರು ಹಿಡಿದು ನಿಂತರು, ಮಿಷನ್ನು ಕಲ್ಲಾಯಿತು. ನಾನೂ ಮಾಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮ ಅಡುಗೆಮನೆಯಿಂದ ಬಂದು, ವೈರಸ್ ನಿಮಗೇ ಬಂದ ಹಾಗಿದೆ ಅಂತ ಬೈದು ಹೋದಳು.

ಆಮೇಲೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಹಿಡಿದದ್ದನ್ನು ಅಳಿಸದೆ ಬರೀ ಎಣಿಸುತ್ತಾ ಕ್ರಮವಾಗಿ ನೋಡಿದೆವು. ನೀಲಿ ಗುರಾಣಿ ನಿಧಾನಸ್ಥ, ಹುಡುಕಿ ಹುಡುಕಿ ಕೈಬೆರಳೆಣಿಕೆಯಷ್ಟು ಹಿಡಿಯಿತು. ಹಸಿರು ಟಿಕ್ ಸದ್ದಿಲ್ಲದೆ ಅದಕ್ಕಿಂತ ನಾಲ್ಕು ಹೆಚ್ಚು ಹಿಡಿಯಿತು. ಕೊನೆಗೆ ಹುಲಿ. ಅದು ಹಿಡಿದಾಗೊಮ್ಮೆ ಸ್ಪೀಕರಿನಲ್ಲಿ ಘರ್ಜನೆ ಬರುತ್ತಿತ್ತು. ಒಂದು ಘರ್ಜನೆ ಮುಗಿಯುವ ಮೊದಲೇ ಇನ್ನೊಂದು. ಪಕ್ಕದ ಮನೆಯವರು ಯಾವ ಚಾನಲ್ಲು ಅಂತ ಕೇಳಿಕೊಂಡು ಬಂದರು. ಬಂದವರೂ ನಿಂತು ನೋಡಿದರು, ಘರ್ಜಿಸಿದಾಗಲೆಲ್ಲ ಮಾಮ ಕ್ರಿಕೆಟ್ ನೋಡುವವನ ಹಾಗೆ ತೊಡೆ ತಟ್ಟುತ್ತಿದ್ದ. ಹುಲಿಯ ಲೆಕ್ಕ ಮಿಕ್ಕ ಎರಡನ್ನೂ ಸೇರಿಸಿದರೂ ಮುಟ್ಟದಷ್ಟು ಹೋಯಿತು. ಇನ್ನು ಮಾತೇ ಇಲ್ಲ, ಹುಲಿಯೇ ಗೆದ್ದಿತು. ಅದು ಏನೇನು ಹಿಡಿಯಿತು ಅಂತ ಪಟ್ಟಿ ತೋರಿಸುತ್ತಿತ್ತು, ಆದರೆ ಗೆದ್ದ ಗದ್ದಲದಲ್ಲಿ ಅದನ್ನು ಓದುವ ವ್ಯವಧಾನ ಯಾರಿಗಿತ್ತು?

ಹುಲಿ ಬಂದ ಮೇಲೆ ನನ್ನ ಅದೃಷ್ಟವೂ ತಿರುಗಿತು ಅಂದುಕೊಂಡೆ. ದೀಪಾವಳಿ ಕಳೆದಿತ್ತು. ಕೆಲಸ ಒಂದೂ ಬಂದಿರಲಿಲ್ಲ. ಅಪ್ಪ ಹೇಳಿದ ಮಾತಿಗೆ ತಪ್ಪುವವರಲ್ಲ, ಸೋಮವಾರದಿಂದ ಗಾರ್ಮೆಂಟ್ಸ್‌ಗೆ ಬರುತ್ತಾಳೆ ಅಂತ ಸೂಪರ್‌ವೈಸರಿಗೆ ಹೇಳಿಬಿಟ್ಟಿದ್ದರು. ಅಮ್ಮ ನನಗೆ ಹೊಸ ಡಬ್ಬಿಯನ್ನೂ ತಂದಿಟ್ಟಿದ್ದಳು. ಅದನ್ನು ನಾನು ಕಣ್ಣಿಗೆ ಬೀಳದ ಹಾಗೆ ಪಾತ್ರೆಗಳ ಹಿಂದೆ ಸರಿಸಿಟ್ಟಿದ್ದೆ. ಹೀಗಿರುವಾಗ ಶುಕ್ರವಾರ ಸಂಜೆ ಮಾಮ ಓಡೋಡಿ ಬಂದ. ಯಲಹಂಕದಲ್ಲೇ ಅವನಿಗೆ ಗೊತ್ತಿದ್ದ ಒಂದು ಪ್ರಿಂಟಿಂಗ್ ಪ್ರೆಸ್ಸು, ಅಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ. ಒಂದು ಮದುವೆಯ ಆಹ್ವಾನ ಪತ್ರಿಕೆ ಅರ್ಜೆಂಟಾಗಿ ಆಗಬೇಕು. ಭಾನುವಾರ ಬೆಳಿಗ್ಗೆ ಟೈಪ್ ಆಗಿ ಬಂದರೆ, ಅದು ಚೆನ್ನಾಗಿದ್ದರೆ, ಮುಂದಿನ ಕೆಲಸವೆಲ್ಲ ನನಗೇ. ಆದರೆ ಪ್ರೆಸ್ಸಿನ ಯಜಮಾನರದು ಒಂದೇ ಷರತ್ತು, ಪೆನ್‌ಡ್ರೈವಿನಲ್ಲಿ ವೈರಸ್ ಇರಕೂಡದು. ಹಿಂದೊಮ್ಮೆ ಯಾರೋ ತಂದ ವೈರಸ್ಸಿನಿಂದ ಅವರ ಕೆಲಸವೆಲ್ಲ ಹಾಳಾಗಿತ್ತಂತೆ.

'ನಮ್ಮನೇಲಿ ಹುಲಿ ಇದೆ ಸಾರ್ ಅಂತ ಹೇಳಿ ಬಂದಿದೀನಿ' ಅಂದ ಮಾಮ, ಎದೆ ಉಬ್ಬಿಸಿ. ಅಪ್ಪ, ಭಾನುವಾರ ಆಗಲಿ, ಸೋಮವಾರ ಇದ್ದೇ ಇದೆ ಅನ್ನುವ ಮುಖ ಮಾಡಿದರು.

ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಪರೀಕ್ಷೆಗೆ ಕೂರುವವಳ ಹಾಗೆ ಕೂತೆ. ಹುಲಿ ಬಂದ ಮೇಲೆ ಮೊದಲ ಸಲ ಕನ್ನಡದ ಪ್ರೋಗ್ರಾಂ ಚಾಲೂ ಮಾಡಿ ಒಂದು ಅಕ್ಷರ ಒತ್ತಿದ್ದೇ ತಡ, ಹುಲಿ ಘರ್ಜಿಸಿತು. ಪರದೆಯ ತುಂಬ ಕೆಂಪು ಚೌಕ. ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಓದಿಕೊಂಡೆ. ನಿಮ್ಮ ಕಂಪ್ಯೂಟರಿನಲ್ಲಿ ಅವಿತಿರುವ ಒಂದು ಪ್ರೋಗ್ರಾಂ ನೀವು ಒತ್ತುವ ಪ್ರತಿಯೊಂದು ಕೀಯನ್ನೂ ಗಮನಿಸುತ್ತಿದೆ, ಇದು ಅಪಾಯಕಾರಿ, ಅಳಿಸಲೇ ಅಂತ ಕೇಳುತ್ತಿತ್ತು.  ಅಳಿಸು ಅಂತ ಒತ್ತಿಬಿಟ್ಟೆ. ಯಾರಾದರೂ ಹಾಗೇ ಮಾಡುತ್ತಿದ್ದರು. ಆಮೇಲೆ ಕೀ ಒತ್ತಿದರೆ ಬರೀ ಇಂಗ್ಲಿಷ್. ಇನ್ನೊಂದು ಒತ್ತಿದೆ, ಇಂಗ್ಲಿಷ್. ಆಗ ತಿಳಿಯಿತು. ಕೀಗಳನ್ನು ಗಮನಿಸುತ್ತಿದ್ದದ್ದು ನನ್ನ ಕನ್ನಡದ ಪ್ರೋಗ್ರಾಮೇ. ಅದು ಗಮನಿಸದಿದ್ದರೆ ನಾನು ಒತ್ತಿದ ಇಂಗ್ಲಿಷ್ ಕೀಯನ್ನು ಕನ್ನಡ ಮಾಡುವುದಾದರೂ ಹೇಗೆ? ನಮ್ಮ ಹುಲಿ ಕನ್ನಡವನ್ನೇ ಕಳ್ಳ ಅಂತ ತಿಂದು ಹಾಕಿತ್ತು.

ಮಾಮ ಬರುವ ಹೊತ್ತಿಗೆ ನಾನು ಅಳುತ್ತಾ ಕೂತಿದ್ದೆ. ಪ್ರೋಗ್ರಾಮಿನ ಸಿಡಿ ಇತ್ತು, ಮತ್ತೆ ಹಾಕಿ ನೋಡಿದೆವು. ಸಿಡಿ ತಿರುಗುವ ಮೊದಲೇ ಹುಲಿ ಗುರ್ ಅಂತ ತಡೆಯಿತು. ಮತ್ತೆ ಹಾಕಿದೆವು, ಮತ್ತೆ ಗುರ್. ಕ್ಲಾಸಿಗೆ ಹೋಗಿ ಟೈಪ್ ಮಾಡಿ ತರೋಣ ಅಂದರೆ ಮೇಷ್ಟ್ರು ಊರಿಗೆ ಹೋಗಿ ಕ್ಲಾಸಿಗೆ ಬೀಗ ಬಿದ್ದಿತ್ತು. ಹುಲಿಯನ್ನೇ ತೆಗೆದುಬಿಡೋಣ ಅಂದೆ. ಮಾಮನಿಗೆ ಅದಕ್ಕೆ ಧೈರ್ಯ ಬರಲಿಲ್ಲ. 'ಪೆನ್‌ಡ್ರೈವಲ್ಲಿ ಒಂದು ವೈರಸ್ ಹೋದ್ರೂ ಪ್ರೆಸ್ನೋರು ಮತ್ತೆ ಬಾಗ್ಲಿಗೆ ಸೇರ್ಸಲ್ಲ ಪುಟ್ಟಿ. ಹುಲಿ ಇದೆ ಅಂತ ನಾನೇ ಹೇಳಿದೀನಿ' ಅಂದ. ಮಂಡಿಯಲ್ಲಿ ಸಾವಿರ ಚೀಲಗಳ ಗುಣ ಹೇಳಿದ ಮನುಷ್ಯ ಸಪ್ಪೆ ಮುಖ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಅವನನ್ನು ನೋಡಿ ನನಗೆ ನನ್ನ ಅಳುವೇ ಮರೆತುಹೋಯಿತು.

ಸುಮ್ಮನೆ ಕೂರಲಾರದೆ ಹಳೇ ಫೈಲುಗಳ ಸಿಡಿ ಹಾಕಿದೆ. ಕ್ಲಾಸಿನಲ್ಲಿ ಟೈಪ್ ಮಾಡಿದ್ದ ಪಾಠವೊಂದನ್ನು ತೆರೆದೆ. ಪರದೆಯ ತುಂಬ ಕನ್ನಡ! ಹುಲಿ ತಿಂದಿದ್ದು ಟೈಪ್ ಮಾಡುವ ಪ್ರೋಗ್ರಾಮನ್ನು ಮಾತ್ರ, ಅಕ್ಷರಗಳ ಫಾಂಟು ಹಾಗೇ ಇತ್ತು. ಹೊಸದಾಗಿ ಬರೆಯಲಾಗದು, ಬರೆದಿಟ್ಟದ್ದು ಕಾಣುತ್ತದೆ. ಪಾಠದ ತಲೆಯ ಮೇಲೆ 'ಶ್ರೀ' ಅಂತ ಇತ್ತು. ಅದನ್ನು ಮೌಸಿನಲ್ಲಿ ಹಿಡಿದು, ಕಾಪಿ ಮಾಡಿ, ಖಾಲಿ ಹಾಳೆಯ ಮೇಲೆ ಅಂಟಿಸಿದೆ. ಅಂಟಿತು. ಹುಲಿಯಿಂದ ಸದ್ದಿಲ್ಲ. ಪಕ್ಕದ ಸಾಲಿನಿಂದ ಒಂದು 'ಮ' ಎತ್ತಿ ತಂದೆ, ಅದೂ ಅಂಟಿತು. ಮದುವೆ ಪತ್ರಿಕೆ ಶುರುವಾಗುವುದೇ ಶ್ರೀಮತಿ, ಶ್ರೀಯುತರಿಂದ ಅಲ್ಲವೇ? 'ಮಾಮ, ಎದ್ದು ಬಾ ಇಲ್ಲಿ' ಅಂತ ಕೂಗಿದ್ದು ಬೀದಿಗೆ ಕೇಳಿರಬೇಕು.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಒಂದೊಂದೇ ಅಕ್ಷರ ಹುಡುಕುವುದು, ಎತ್ತುವುದು, ತಂದು ಇಡುವುದು. ಬೇಕಾದ ಅಕ್ಷರ ಇಡಿಯಾಗಿ ಸಿಗದಿದ್ದರೆ ಒಡೆದು ಕಟ್ಟಬಹುದು ಅಂತ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಕೊಂಬು ಬೇರೆ ಬರುತ್ತಿತ್ತು, ದೀರ್ಘ ಬೇರೆ, ಒತ್ತು ಬೇರೆ. ಒಂದು ಪದದ ಒತ್ತನ್ನು ಕಿತ್ತು ಇನ್ನೊಂದರ ಕಾಲಿಗೆ ಕಟ್ಟಿದೆ. ಮಾಮ ಪ್ರೆಸ್ಸಿನವರು ಕೊಟ್ಟ ಕೈಬರಹ ನೋಡಿ ಓದುತ್ತಿದ್ದ, ನಾನು ಕಟ್ಟುತ್ತಿದ್ದೆ. ಮಾಮನ ಕಣ್ಣು ಕಾಳಿನ ನಡುವೆ ಕಲ್ಲು ಹುಡುಕಿ ಪಳಗಿದ ಕಣ್ಣು. ಪರದೆಯ ಮೇಲೆ ಬೆರಳೂರಿ, 'ಅಗೋ ಣ, ಮೂರ್ನೇ ಸಾಲು', 'ಇಲ್ಲೊಂದು ಹ ಮಲಗಿದೆ ನೋಡು' ಅನ್ನುತ್ತಿದ್ದ. ಪರದೆಯ ತುಂಬ ಅವನ ಬೆರಳಿನ ಗುರುತು. 'ಸಕುಟುಂಬ ಪರಿವಾರ ಸಮೇತರಾಗಿ' ಅನ್ನುವ ಸಾಲು ಮುಗಿದಾಗ ಇಬ್ಬರೂ ಎದ್ದು ನಿಂತು ಮೈ ಮುರಿದೆವು. ಇಡೀ ಕುಟುಂಬವನ್ನು ಕೈಹಿಡಿದು ಛತ್ರಕ್ಕೆ ಕರೆದೊಯ್ದಷ್ಟು ದಣಿವು, ಅಷ್ಟೇ ಸಂಭ್ರಮ.

ಮಧ್ಯಾಹ್ನ ಅಪ್ಪ ಡ್ಯೂಟಿ ಮುಗಿಸಿ ಬಂದರು. ಹೆಗಲಲ್ಲಿ ಟಿಕೆಟ್ಟಿನ ಚೀಲ ಇನ್ನೂ ಇತ್ತು. ಬಾಗಿಲಲ್ಲೇ ನಿಂತು ನಮ್ಮನ್ನು ನೋಡಿದರು. 'ಏನಯ್ಯಾ ನಡೀತಿದೆ ಇಲ್ಲಿ?' ಅಂತ ಮಾಮನನ್ನು ಕೇಳಿದರು. ಮಾಮ ತನ್ನ ಹುಲಿಯ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. ತಾನು ಆರಿಸಿದ್ದೇ ಮುಳುವಾಯಿತು ಭಾವ, ಮಗುವಿನದು ಏನೂ ತಪ್ಪಿಲ್ಲ ಅಂದ. ಅಪ್ಪ ಕೈಕಾಲು ತೊಳೆದು ಊಟಕ್ಕೆ ಕೂತರು. ಇನ್ನು ಬೈಗುಳ ಬರುತ್ತದೆ ಅಂತ ನಾನು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದೆ. ಬರಲಿಲ್ಲ.

ಆಗಲೇ ಸಿಕ್ಕಿಹಾಕಿಕೊಂಡದ್ದು. ಮದುವೆ ನಡೆಯುವ ಜಾಗದ ಹೆಸರಿನ ಕೊನೆಗೆ 'ಛತ್ರ' ಅಂತ ಇತ್ತು. ನನ್ನ ಪಾಠದ ಫೈಲುಗಳಲ್ಲಿ ಛ ಎಲ್ಲೂ ಇಲ್ಲ. ಅಕ್ಷರಮಾಲೆಯ ಮೊದಲ ಪಾಠವನ್ನು ನಾನು ಸಿಡಿಗೆ ಹಾಕಿಯೇ ಇರಲಿಲ್ಲ. ಮಾಮ ಮೊದಲಿಂದ ಕೊನೆಯವರೆಗೆ ಎರಡು ಸಲ ಜಾಲಾಡಿದ. ಕಲ್ಯಾಣ ಮಂಟಪ ಅಂತ ಹಾಕಿಬಿಡೋಣ ಅಂದ. ಅವರ ಛತ್ರದ ಹೆಸರನ್ನು ನಾವು ಹೇಗೆ ಬದಲಾಯಿಸುವುದು? ಕೈ ಚೆಲ್ಲಿ ಕೂತೆವು.

ಹಿಂದಿನಿಂದ ಅಪ್ಪನ ದನಿ ಬಂತು. 'ನನ್ನ ಅರ್ಜಿ ಇಲ್ವೇನೇ ಅದ್ರಲ್ಲಿ?'

'ಯಾವ ಅರ್ಜಿ?'

'ಛತ್ರೀದು. ಬಸ್ಸಲ್ಲಿ ಯಾರೋ ಬಿಟ್ಟೋದ ಛತ್ರೀನ ಡಿಪೋಗೆ ಒಪ್ಪಿಸ್ದೆ ಅಂತ ಬರ್ಸಿರ್ಲಿಲ್ವಾ ನಿನ್ನ ಕೈಲಿ, ಕ್ಲಾಸಲ್ಲಿ. ಛತ್ರಿ ಅಂತ ನಾಲ್ಕು ಸಲ ಬರುತ್ತೆ ಅದ್ರಲ್ಲಿ. ನಂಗೆ ಗೊತ್ತು.'

ನನಗೇ ಮರೆತುಹೋಗಿತ್ತು. ಟೈಪಿಂಗ್ ಕಲಿಯುವಾಗ ಅಪ್ಪ ಒಮ್ಮೆ, ಇದನ್ನ ಟೈಪ್ ಮಾಡ್ಕೊಂಡ್ ಬಾ ನೋಡೋಣ ಅಂತ ಅಣಕಿಸುವ ಹಾಗೆ ಕೊಟ್ಟಿದ್ದು ಅದು. ಪ್ರಿಂಟ್ ತಂದುಕೊಟ್ಟಾಗ ಮಡಚಿ ಜೇಬಿಗಿಟ್ಟಿದ್ದರು. ಅದರಲ್ಲಿ ಯಾವ ಪದ ಎಷ್ಟು ಸಲ ಇದೆ ಅಂತ ಗೊತ್ತಿರಬೇಕಾದರೆ ಅದನ್ನು ಎಷ್ಟು ಸಲ ಓದಿರಬೇಕು? ಸಿಡಿಯಲ್ಲಿ ಹುಡುಕಿದೆ, ಸಿಕ್ಕಿತು. ಛ ಎತ್ತಿ ತಂದು 'ತ್ರ'ದ ಮುಂದೆ ಇಟ್ಟೆ. ಅಪ್ಪ ಊಟದ ಕೈ ತೊಳೆದು ಬಂದು ಇನ್ನೊಂದು ಸ್ಟೂಲು ಎಳೆದುಕೊಂಡರು. 'ಮುಂದಿಂದು ಓದಯ್ಯ'.

ಕಂಡಕ್ಟರ್ ಅಪ್ಪ ಅಕ್ಷರ ಹುಡುಕುವುದರಲ್ಲಿ ಮಾಮನನ್ನೂ ಮೀರಿಸಿದರು. ಓಡುವ ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡು ಓದಿದ ಅಭ್ಯಾಸ. ಮಾಮ ಸೋತು, ಇದು ಅನ್ಯಾಯ ಅಂತ ಗೊಣಗಿದ. ಅಮ್ಮ ಬೋಂಡ ಕರಿದು ತಂದಿಟ್ಟಳು. ಎಣ್ಣೆ ಕೈಯಲ್ಲಿ ಪರದೆ ಮುಟ್ಟಬೇಡಿ ಅಂತ ನಾನು ಇಬ್ಬರನ್ನೂ ಗದರಿದೆ. ಅಪ್ಪನನ್ನು ಗದರಿದ್ದು ಜೀವನದಲ್ಲಿ ಅದೇ ಮೊದಲು, ಅವರು ಸುಮ್ಮನೆ ಪಂಚೆಗೆ ಕೈ ಒರೆಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಸಾಲು ಮುಗಿಯಿತು.

ಭಾನುವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋದೆವು, ನಾನು ಮತ್ತು ಮಾಮ. ಯಜಮಾನರು ಪ್ರಿಂಟ್ ತೆಗೆದು ಭೂತಗನ್ನಡಿ ಹಿಡಿದು ನೋಡಿದರು.  ಅಲ್ಲೊಂದು ಇಲ್ಲೊಂದು ಅಕ್ಷರ ಕೂದಲೆಳೆಯಷ್ಟು ದಪ್ಪಗಿದ್ದವು, ಪಾಠದ ತಲೆಬರಹದಿಂದ ಎತ್ತಿದವು.

'ಇದನ್ನ ನೀನು ಟೈಪ್ ಮಾಡಿಲ್ಲ' ಅಂದರು.

ಇನ್ನು ಮುಗಿಯಿತು ಅಂದುಕೊಂಡು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. 'ಮೊಳೆ ಜೋಡ್ಸಿದ್ದೀಯಲ್ಲಮ್ಮ. ನಾನು ಈ ಕೆಲಸಕ್ಕೆ ಸೇರಿದಾಗ ಸೀಸದ ಅಕ್ಷರದ ಮೊಳೆ ಹಿಂಗೇ ಒಂದೊಂದಾಗಿ ಎತ್ತಿ ಜೋಡ್ಸ್ತಿದ್ದೆ. ಕೊಂಬು ಬೇರೆ, ಒತ್ತು ಬೇರೆ. ಕಂಪ್ಯೂಟರಲ್ಲಿ ಅದನ್ನ ಮಾಡಿದೋರ್ನ ಇವತ್ತೇ ನೋಡಿದ್ದು' ಅಂದರು. ಆಮೇಲೆ ಮತ್ತೆ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. ತಪ್ಪು ಒಂದೂ ಇರಲಿಲ್ಲ. ಒಂದೊಂದೇ ಅಕ್ಷರವನ್ನು ಮೂವರು ನೋಡಿ ಇಟ್ಟಿದ್ದೆವು, ತಪ್ಪು ಎಲ್ಲಿಂದ ಬರಬೇಕು? ಮೇಜಿನ ಕೆಳಗಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಕೈಗಿಟ್ಟರು. ಗೃಹಪ್ರವೇಶದ್ದು, ನಾಮಕರಣದ್ದು, ಒಂದು ಸಂಘದ ವಾರ್ಷಿಕ ವರದಿ. 'ಇವನ್ನ ಮಾತ್ರ ಟೈಪ್ ಮಾಡ್ಕೊಂಡ್ ಬಾ ತಾಯಿ. ಮೊದ್ಲು ಆ ನಿನ್ನ ಹುಲೀನ ಕಟ್ಟಿಹಾಕು.'

ಕಟ್ಟಿಹಾಕುವುದು ಎಷ್ಟು ಸುಲಭ ಅಂತ ಸಹಕಾರನಗರದ ಅಂಗಡಿಯವನು ಆಮೇಲೆ ತೋರಿಸಿದ. ಇದು ನಮ್ಮದೇ ಪ್ರೋಗ್ರಾಂ, ಮುಟ್ಟಬೇಡ ಅಂತ ಹೇಳುವ ಜಾಗವೊಂದು ಆಂಟಿವೈರಸ್ಸಿನ ಒಳಗೇ ಇರುತ್ತದೆ. ಎರಡು ಸಲ ಒತ್ತಿದರೆ ಆಯಿತು. ನಮಗೆ ಗೊತ್ತಿರಲಿಲ್ಲ, ಅಷ್ಟೇ. ಆದರೂ ಮಾಮ ಹುಲಿಯನ್ನು ಕ್ಷಮಿಸಲಿಲ್ಲ. ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವನ್ನು ಮತ್ತೆ ಕೇಳಿ ತಂದು ಪರೀಕ್ಷೆ ಇಟ್ಟ. ಈ ಸಲ ಮೊದಲು ಕನ್ನಡ ಟೈಪ್ ಮಾಡಿ ನೋಡಬೇಕು, ಮನೆಯವರನ್ನು ಕಚ್ಚದಿದ್ದರೆ ಆಮೇಲೆ ಕಳ್ಳರ ಲೆಕ್ಕ. ಹಸಿರು ಟಿಕ್ ಗೆದ್ದಿತು. ಸದ್ದಿಲ್ಲದೆ ಇತ್ತು, ಸದ್ದಿಲ್ಲದೆ ಹಿಡಿಯಿತು. ಆಮೇಲಿನ ವರ್ಷಗಳಲ್ಲಿ ವಿದ್ಯಾರಣ್ಯಪುರ, ಅಮೃತಹಳ್ಳಿ ಅಂತ ಎಲ್ಲಿ ಯಾರು ಕಂಪ್ಯೂಟರ್ ಕೊಂಡರೂ ಮಾಮನನ್ನು ಕರೆಯುತ್ತಿದ್ದರು. ಅವನು ಒಂದು ಸೋಂಕಿನ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಗತ್ತಿನಿಂದ ಹೋಗುತ್ತಿದ್ದ. ಎರಡು ಸಾವಿರದ ಹದಿನಾರರ ಹೊತ್ತಿಗೆ ನಾನು ಹೊಸ ಮಿಷನ್ ಕೊಂಡಾಗ ಆಂಟಿವೈರಸ್ ಅದರ ಒಳಗೇ ಇತ್ತು, ಕನ್ನಡವೂ ಒಳಗೇ ಇತ್ತು. ಮಾಮ ಅದರ ಮುಂದೆ ಸ್ವಲ್ಪ ಹೊತ್ತು ಕೂತು, 'ಇದ್ರಲ್ಲಿ ಆರ್ಸೋಕೆ ಏನೂ ಇಲ್ವಲ್ಲ ಪುಟ್ಟಿ' ಅಂತ ಬೇಸರದಿಂದ ಎದ್ದ.

ಆದರೆ ಆ ಭಾನುವಾರದ ಸಂಜೆಯನ್ನು ಹೇಳದೆ ಹೇಗೆ ಬಿಡಲಿ? ಪ್ರೆಸ್ಸಿನಿಂದ ತಂದ ಕಟ್ಟನ್ನು ಕಂಪ್ಯೂಟರಿನ ಪಕ್ಕ ಇಟ್ಟು ನಾನು ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಮೂರನೇ ಸಲ ಹೇಳುತ್ತಿದ್ದೆ. ಅಪ್ಪ ಆ ಕಟ್ಟನ್ನು ಎತ್ತಿ ನೋಡಿದ್ದು, ಒಂದೊಂದಾಗಿ ತಿರುವಿದ್ದು ಬಾಗಿಲ ಸಂದಿಯಿಂದ ಕಂಡಿತು. ನನ್ನನ್ನು ಕರೆಯಲಿಲ್ಲ. ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಿದರು. ಅಪ್ಪನಿಗೆ ಫೋನಿನಲ್ಲೂ ಬಸ್ಸಿನಲ್ಲಿ ಕೂಗುವ ದನಿಯೇ. ನಾವಿಬ್ಬರೂ ಮಾತು ನಿಲ್ಲಿಸಿದೆವು.

'ನಮಸ್ಕಾರ ಸಾರ್, ಕಂಡಕ್ಟರ್ ಮಾತಾಡ್ತಿರೋದು. ನಾಳೆ ಮಗಳು ಬರಲ್ಲ ಸಾರ್... ಇಲ್ಲ ಇಲ್ಲ, ಹುಷಾರಾಗೇ ಇದ್ದಾಳೆ... ಅವ್ಳಿಗೆ ಕೆಲಸ ಸಿಕ್ಕಿದೆ.' ಆ ಕಡೆಯಿಂದ ಏನೋ ಕೇಳಿದರು. ಯಾವ ಕಂಪನಿ ಅಂತ ಇರಬೇಕು. ಅಪ್ಪ ಕಂಪ್ಯೂಟರಿನ ಪಕ್ಕದ ಕಟ್ಟನ್ನು ಇನ್ನೊಮ್ಮೆ ನೋಡಿದರು. ಅಮ್ಮ ಸೆರಗಿನಿಂದ ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

'ಮನೇಲೇ ಸಾರ್' ಅಂದರು ಅಪ್ಪ. 'ನಮ್ಮ ಮನೇಲೇ. ನಾನೂ ನಿನ್ನೆ ಸ್ವಲ್ಪ ಮಾಡ್ದೆ.'